ಮಸಲ್ ಕಾರು: ಹಾರ್ಸ್‌ಪವರ್ ಒಂದು ಲೆಕ್ಕ, ವಾರಂಟಿ ಇನ್ನೊಂದು ಲೆಕ್ಕ

ನಾನು ಓದಿದ್ದು ಬಿ.ಕಾಂ. ಹಾಗಾಗಿ ಹಳೇ ಅಮೆರಿಕನ್ ಮಸಲ್ ಕಾರುಗಳ ವಿಷಯ ಬಂದಾಗ ಎಲ್ಲರೂ ಹಾರ್ಸ್‌ಪವರ್ ನೋಡಿದ್ರೆ, ನನ್ನ ಕಣ್ಣು ಹೋಗೋದು ವಾರಂಟಿ ಕಡೆಗೆ. ಹಾರ್ಸ್‌ಪವರ್ ಜಾಹೀರಾತಿನ ಲೆಕ್ಕ. ವಾರಂಟಿ ಅಂದ್ರೆ ಕಂಪನಿ ತನ್ನ ಜೇಬಿನಿಂದ ಕೊಡಬೇಕಾದ ಲೆಕ್ಕ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. 1964ರಲ್ಲಿ ಪಾಂಟಿಯಾಕ್ ತನ್ನ ಮಧ್ಯಮ ಗಾತ್ರದ ಕಾರಿಗೆ 389 ಕ್ಯೂಬಿಕ್ ಇಂಚಿನ ದೊಡ್ಡ ವಿ8 ಎಂಜಿನ್ ಕೂರಿಸಿ, ಜಿಟಿಒ ಅಂತ ಹೆಸರಿಟ್ಟು ಮಾರಿತು. 325 ಹಾರ್ಸ್‌ಪವರ್! ಹುಡುಗರು ಮುಗಿಬಿದ್ದರು. ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು.

ಈಗ 1968ರ ಪ್ಲಿಮತ್ ರೋಡ್ ರನ್ನರ್ ತಗೊಳ್ಳಿ. ಬಾಡಿ ಒಂದೇ, ಎಂಜಿನ್ ಎರಡು. ಮಾಮೂಲಿ 383 ಎಂಜಿನ್‌ಗೆ 335 ಹಾರ್ಸ್‌ಪವರ್. ಮೇಲೆ 700 ಡಾಲರ್‌ಗೂ ಹೆಚ್ಚು ಕೊಟ್ಟರೆ 426 ಹೆಮಿ, ಅದಕ್ಕೆ 425. ಓಟದಲ್ಲಿ ಹೆಮಿನೇ ಮುಂದೆ, ಸಂಶಯ ಇಲ್ಲ.

ಬಾಳಿಕೆ? ಇವೆರಡನ್ನೂ ತಯಾರಿಸಿದ ಕ್ರೈಸ್ಲರ್ 1963ರಲ್ಲೇ ಎಂಜಿನ್, ಗೇರ್‌ಬಾಕ್ಸ್‌ಗೆ 5 ವರ್ಷ ಅಥವಾ 50,000 ಮೈಲಿ ವಾರಂಟಿ ಕೊಡೋಕೆ ಶುರು ಮಾಡಿತ್ತು. ಆದ್ರೆ 1966ರಲ್ಲಿ ಹೆಮಿ ರಸ್ತೆಗೆ ಇಳಿದಾಗ ಅದಕ್ಕೆ ಸಿಕ್ಕಿದ್ದು 12 ತಿಂಗಳು ಅಥವಾ 12,000 ಮೈಲಿ ಮಾತ್ರ.

ಹಾಗಂತ ಹೆಮಿ ಬಡಕಲು ಎಂಜಿನ್ ಅಲ್ಲ. 1964ರಲ್ಲಿ ರಿಚರ್ಡ್ ಪೆಟ್ಟಿ 500 ಮೈಲಿಯ ಡೇಟೋನಾ ರೇಸ್ ಗೆದ್ದಿದ್ದು ಹೆಮಿಯಲ್ಲೇ. ಆದ್ರೆ ರೇಸಿನಲ್ಲಿ ಮೆಕ್ಯಾನಿಕ್‌ಗಳ ತಂಡವೇ ಇರುತ್ತೆ. ಮನೆಯಲ್ಲಿ ಯಾರಿರ್ತಾರೆ? ಹೆಮಿಯ ವಾಲ್ವ್ ಸಂದನ್ನ ಆಗಾಗ ಕೈಯಲ್ಲೇ ಹೊಂದಿಸಬೇಕಿತ್ತು, ಎರಡು ಕಾರ್ಬುರೇಟರ್‌ಗಳನ್ನ ಟ್ಯೂನ್ ಮಾಡಬೇಕಿತ್ತು. 383ರಲ್ಲಿ ಕಾರ್ಬುರೇಟರ್ ಒಂದೇ, ಹೈಡ್ರಾಲಿಕ್ ಟ್ಯಾಪೆಟ್ ಸಂದನ್ನ ತಾನೇ ಸರಿಮಾಡ್ಕೊಳ್ತಿತ್ತು. ಜೊತೆಗೆ, ಹೆಮಿ ಕೊಂಡವನು ಅದನ್ನ ಮೆಲ್ಲಗೆ ಓಡಿಸೋದಿಲ್ಲ ಅಂತ ಕಂಪನಿಗೂ ಗೊತ್ತಿತ್ತು ಅನ್ನೋದು ನನ್ನ ಊಹೆ.

ಅಂದ್ರೆ 12,001ನೇ ಮೈಲಿಯಿಂದ ರಿಪೇರಿ ಖರ್ಚೆಲ್ಲ ಆ ಹುಡುಗನ ತಲೆ ಮೇಲೆ. 1970ರ ಹೊತ್ತಿಗೆ ಇನ್ಶೂರೆನ್ಸ್ ಕಂಪನಿಗಳೂ ಇಂಥ ಕಾರುಗಳ ಪ್ರೀಮಿಯಂ ಏರಿಸಿದವು. ವೇಗ ಮಾರಿದ್ದು ಕಂಪನಿ, ಬಿಲ್ ಕಟ್ಟಿದ್ದು ಇಪ್ಪತ್ತರ ಆಸುಪಾಸಿನ ಹುಡುಗರು.

2014ರಲ್ಲಿ 1971ರ ಹೆಮಿ ಕುಡಾ ಕನ್ವರ್ಟಿಬಲ್ ಒಂದು ಹರಾಜಿನಲ್ಲಿ 35 ಲಕ್ಷ ಡಾಲರ್‌ಗೆ ಹೋಯ್ತು. ಅದನ್ನ ನೋಡಿ ‘ಹಳೇದು ಎಷ್ಟು ಗಟ್ಟಿ’ ಅಂತೀವಿ. ನನ್ನ ಪ್ರಕಾರ ಅಂಥ ಕಾರು ತಾನಾಗಿ ಬಾಳಿದ್ದಲ್ಲ, ದುಡ್ಡು ಹಾಕಿ ಬಾಳಿಸಿದ್ದು. ಗುಜರಿಗೆ ಹೋದವುಗಳ ಲೆಕ್ಕ ಹರಾಜಿನಲ್ಲಿ ಕಾಣೋದಿಲ್ಲ.

ಹಳೇ ಕಾರಿರಲಿ, ಹೊಸ ಬೈಕಿರಲಿ, ವಾರಂಟಿ ಕಾರ್ಡಿನ ಸಣ್ಣ ಅಕ್ಷರ ಮೊದಲು ಓದಿ. ಮುಂದಿನ ವಾರ ಸಿಗೋಣ.