ಚೆನ್ನೆಮಣೆಯಿಂದ ವಿಟಿ-ದಾಂಡುವಿನವರೆಗೆ: ನಮ್ಮ ಬಾಲ್ಯದ ಆಟ-ಆಟಿಕೆಗಳು

ಬಾಲ್ಯದಲ್ಲಿ ಓದಿದ ಪಾಠಗಳು ಮರೆತುಹೋದರೂ ಆಡಿದ ಆಟಗಳು ಮರೆಯುವುದಿಲ್ಲ. ಗುಣಾಕಾರದ ಮಗ್ಗಿಯಲ್ಲಿ ಎಡವುವ ನಾಲಿಗೆ, ಚೌಕಾಬಾರದ ಎಣಿಕೆಯಲ್ಲಿ ಎಡವದು. ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಹಿರಿಯರು ಸಂಘದ ಕಾರ್ಯಕ್ರಮಗಳಲ್ಲಿ ಒಟ್ಟಿಗೆ ಕುಳಿತಾಗ, ಮಾತು ಊರಿನ ಮಳೆ, ಹಲಸಿನ ಹಣ್ಣು, ಯಕ್ಷಗಾನ ಎಂದು ಸಾಗಿ ಕೊನೆಗೆ ಆಟಗಳ ಬಳಿ ಬಂದು ನಿಲ್ಲುವುದನ್ನು ಈ ಲೇಖಕ ಎಷ್ಟೋ ಬಾರಿ ಕಂಡಿದ್ದಾನೆ. ಆ ಆಟಗಳು ಯಾವುವು, ಅವುಗಳ ನಿಯಮವೇನು, ಊರಿನಿಂದ ಇಲ್ಲಿಗೆ ಬಂದಾಗ ಅವು ಏನಾದವು ಎಂಬುದನ್ನು ಒಂದೆಡೆ ಬರೆದಿಡುವ ಪ್ರಯತ್ನವಿದು.

ನನ್ನ ಬಾಲ್ಯ ಕಳೆದದ್ದು 1970ರ ದಶಕದ ಡೊಂಬಿವಲಿಯ ಒಂದು ಚಾಳಿನಲ್ಲಿ. ಆಗ ಸ್ಟೇಷನ್ನಿನಿಂದ ಸ್ವಲ್ಪ ದೂರ ನಡೆದರೆ ಗದ್ದೆಗಳು ಸಿಗುತ್ತಿದ್ದವು. ಚಾಳಿನಲ್ಲಿ ಕಾರ್ಕಳದ ಕಡೆಯ ನಾವು, ಧಾರವಾಡದ ಒಂದು ಕುಟುಂಬ, ರತ್ನಾಗಿರಿ ಮತ್ತು ಸಾತಾರಾ ಕಡೆಯ ಮರಾಠಿ ಕುಟುಂಬಗಳು ಒಟ್ಟಿಗಿದ್ದೆವು. ಮಕ್ಕಳಿಗೆ ಒಂದೇ ಅಂಗಳ. ಹೀಗಾಗಿ ನಮ್ಮ ಆಟಗಳಿಗೆ ಮನೆಯೊಳಗೆ ಒಂದು ಭಾಷೆ, ಅಂಗಳದಲ್ಲಿ ಇನ್ನೊಂದು ಭಾಷೆ.

ಅಟ್ಟದ ಮೇಲಿನ ಚೆನ್ನೆಮಣೆ

ಮದುವೆಯಾಗಿ ಮುಂಬಯಿಗೆ ಬರುವಾಗ ನಮ್ಮ ತಾಯಿ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡು ಬಂದ ವಸ್ತುಗಳಲ್ಲಿ ಹಲಸಿನ ಮರದ ಒಂದು ಚೆನ್ನೆಮಣೆಯೂ ಇತ್ತು. ತುಳುನಾಡಿನಲ್ಲಿ ಚೆನ್ನೆಮಣೆ ಎನ್ನುವ ಇದನ್ನು ಕರ್ನಾಟಕದ ಇತರೆಡೆ ಅಳಗುಳಿಮಣೆ ಎನ್ನುತ್ತಾರೆ. ತಮಿಳರ ಪಲ್ಲಾಂಕುಳಿ, ತೆಲುಗರ ವಾಮನಗುಂತಲು ಇದರ ಸೋದರ ಆಟಗಳು. ಆಫ್ರಿಕಾದಲ್ಲೂ ಮಲೇಷ್ಯಾದಲ್ಲೂ ಇದೇ ಜಾತಿಯ ಆಟಗಳಿವೆ. ಇವನ್ನೆಲ್ಲ ಒಟ್ಟಾಗಿ ಮಂಕಾಲಾ ಆಟಗಳೆಂದು ವಿದ್ವಾಂಸರು ಕರೆಯುತ್ತಾರೆ.

ಮಣೆಯಲ್ಲಿ ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು 14 ಗುಳಿಗಳು. ಗುಳಿಗೆ ನಾಲ್ಕರಂತೆ 56 ಕಾಯಿಗಳು. ನಮ್ಮ ಮನೆಯಲ್ಲಿದ್ದವು ಕೆಂಪಗೆ ಮಿನುಗುವ ಮಂಜೊಟ್ಟಿ ಬೀಜಗಳು. ಹುಣಸೆಬೀಜ ಅಥವಾ ಗಜ್ಜುಗವೂ ನಡೆಯುತ್ತದೆ. ಆಟಗಾರ ತನ್ನ ಸಾಲಿನ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಸುತ್ತಬೇಕು. ಕೈಯಲ್ಲಿದ್ದದ್ದು ಮುಗಿದೊಡನೆ ಅದರ ಮುಂದಿನ ಗುಳಿಯ ಕಾಯಿಗಳನ್ನು ಎತ್ತಿ ಆಟ ಮುಂದುವರಿಸಬೇಕು. ಮುಂದಿನ ಗುಳಿ ಬರಿದಾಗಿದ್ದರೆ, ಅದರಾಚೆಯ ಗುಳಿಯಲ್ಲಿ ಇರುವುದೆಲ್ಲ ಆಟಗಾರನ ಗಳಿಕೆ. ಅಲ್ಲಿಗೆ ಅವನ ಸರದಿ ಮುಗಿಯಿತು. ಎರಡು ಗುಳಿ ಸಾಲಾಗಿ ಬರಿದಾಗಿದ್ದರೆ ಏನೂ ಸಿಗದು. ಮರುಸುತ್ತಿನಲ್ಲಿ ಗಳಿಸಿದ ಕಾಯಿಗಳಿಂದಲೇ ತನ್ನ ಗುಳಿ ತುಂಬಬೇಕು; ತುಂಬಲಾಗದ ಗುಳಿಗಳು ಮುಚ್ಚಿದಂತೆ. ಸೋಲುವವನ ಮನೆ ಹೀಗೆ ಒಂದೊಂದೇ ಗುಳಿಯಾಗಿ ಬರಿದಾಗುತ್ತದೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಬ್ಯಾಂಕಿನಲ್ಲಿ ಲೆಕ್ಕ ನೋಡಿದ ನನಗೆ, ಸಾಲದ ಹೊರೆ ಎಂದರೇನೆಂಬ ಮೊದಲ ಪಾಠ ಕಲಿಸಿದ್ದು ಈ ಮಣೆ.

ತುಳುವರಿಗೆ ಇದು ಆಟಿ ತಿಂಗಳ ಆಟ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ಅವಧಿಯಲ್ಲಿ ಮಳೆ ಬಿರುಸಾಗಿ, ಹೊರಗಿನ ಕೆಲಸ ನಿಂತು, ಹೆಂಗಸರು ಮನೆಯೊಳಗೆ ಚೆನ್ನೆಗೆ ಕೂರುತ್ತಿದ್ದರು. ಆಟಿ ಕಳೆದ ಮೇಲೆ ಮಣೆಯನ್ನು ಅಟ್ಟಕ್ಕೇರಿಸುವುದು ನಮ್ಮ ಮನೆಯ ರೂಢಿ. ಡೊಂಬಿವಲಿಯಲ್ಲಿಯೂ ಅದೇ ತಿಂಗಳಲ್ಲಿ ಮಳೆ ಸುರಿದು ಲೋಕಲ್ ಗಾಡಿಗಳು ನಿಲ್ಲುತ್ತಿದ್ದುದರಿಂದ, ಅಮ್ಮನಿಗೆ ಪಂಚಾಂಗ ಬದಲಾಯಿಸಬೇಕಾಗಲಿಲ್ಲ.

ಅಕ್ಕ-ತಂಗಿಯರು ಎದುರುಬದುರು ಕುಳಿತು ಚೆನ್ನೆ ಆಡಬಾರದೆಂಬ ನಂಬಿಕೆ ತುಳುನಾಡಿನಲ್ಲಿದೆ. ಸಿರಿ ಪಾಡ್ದನದಲ್ಲಿ ಸೊನ್ನೆಯ ಅವಳಿ ಮಕ್ಕಳಾದ ಅಬ್ಬಗ-ದಾರಗರು ಚೆನ್ನೆ ಆಡುತ್ತ ಜಗಳವಾಡಿ, ಒಬ್ಬಳು ಇನ್ನೊಬ್ಬಳನ್ನು ಅದೇ ಮಣೆಯಿಂದ ಹೊಡೆದು ಕೊಲ್ಲುತ್ತಾಳೆ. ಬಳಿಕ ತಾನೂ ಬಾವಿಗೆ ಹಾರುತ್ತಾಳೆ. ನನ್ನ ಅಕ್ಕಂದಿರಿಬ್ಬರು ಆಡಲು ಕುಳಿತರೆ ಅಮ್ಮ ನಡುವೆ ನನ್ನನ್ನು ಕೂರಿಸುತ್ತಿದ್ದಳು. ಕಾರಣ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ನೆಲದ ಮೇಲೆ ಗೆರೆ ಎಳೆದರೆ ಚೌಕಾಬಾರ

ಚೆನ್ನೆಗೆ ಮಣೆ ಬೇಕು. ಚೌಕಾಬಾರಕ್ಕೆ ಒಂದು ತುಂಡು ಸೀಮೆಸುಣ್ಣ ಸಾಕು. ಐದು ಅಡ್ಡ, ಐದು ಉದ್ದವಾಗಿ 25 ಮನೆಗಳು. ನಾಲ್ಕು ಬದಿಗಳ ನಡುವಿನ ಮನೆಗಳಿಗೂ ಮಧ್ಯದ ಮನೆಗೂ ಗುಣಿಸು ಗುರುತು. ಇವು ಕಟ್ಟೆಗಳು, ಇಲ್ಲಿ ಕೂತ ಕಾಯಿಯನ್ನು ಕಡಿಯುವಂತಿಲ್ಲ. ನಾಲ್ವರಿಗೆ ನಾಲ್ಕು ಕಾಯಿಗಳಂತೆ: ಬಳೆಚೂರು, ಗುಂಡಿ, ಕಡಲೆಕಾಯಿ ಸಿಪ್ಪೆ, ಏನಾದರೂ ಸರಿ. ನಾಲ್ಕು ಕವಡೆಗಳನ್ನು ಎಸೆದಾಗ ಬಾಯಿ ಮೇಲಾಗಿ ಬಿದ್ದವುಗಳ ಸಂಖ್ಯೆಯೇ ಗರ. ನಾಲ್ಕೂ ಮೇಲಾದರೆ ನಾಲ್ಕು, ಅಂದರೆ ಚೌಕ; ನಾಲ್ಕೂ ಮಗುಚಿ ಬಿದ್ದರೆ ಎಂಟು, ಅಂದರೆ ಬಾರ. ಈ ಎರಡಕ್ಕೂ ಮರು ಎಸೆತ ಉಂಟು. ಹೊರಸುತ್ತಿನ 16 ಮನೆಗಳನ್ನು ಒಂದು ದಿಕ್ಕಿನಲ್ಲಿ, ಒಳಸುತ್ತಿನ 8 ಮನೆಗಳನ್ನು ವಿರುದ್ಧ ದಿಕ್ಕಿನಲ್ಲಿ ಸುತ್ತಿ ನಡುಮನೆ ಸೇರಬೇಕು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ.

ಮುಂಬಯಿಯಲ್ಲಿ ಕವಡೆ ಸಿಗದಿದ್ದಾಗ ಹುಣಸೆಬೀಜವನ್ನು ಸಿಮೆಂಟಿನ ಮೆಟ್ಟಿಲಿಗೆ ತಿಕ್ಕಿ ಒಂದು ಬದಿ ಬೆಳ್ಳಗೆ ಮಾಡಿಕೊಳ್ಳುತ್ತಿದ್ದೆವು. ಕೈಬೆರಳು ಸುಡುವಷ್ಟು ತಿಕ್ಕಬೇಕಾಗಿತ್ತು. ಆಂಧ್ರದವರು ಇದೇ ಆಟವನ್ನು ಅಷ್ಟಾ-ಚಮ್ಮಾ ಎನ್ನುತ್ತಾರೆ.

ಇಂಥ ಆಟಗಳು ನಮ್ಮ ನಾಡಿನಲ್ಲಿ ಬಹಳ ಹಳೆಯವು. ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಗುಳಿಗಳೂ ಚೌಕದ ಗೆರೆಗಳೂ ಇಂದಿಗೂ ಕಾಣುತ್ತವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದ ಐದನೆಯ ಭಾಗವಾದ ಕ್ರೀಡಾವಿಂಶತಿ ಪೂರ್ತಿಯಾಗಿ ಆಟಗಳಿಗೇ ಮೀಸಲು. (ಈ ಕಲ್ಯಾಣ ನಮ್ಮ ಲೋಕಲ್ ಗಾಡಿಯ ಕಲ್ಯಾಣ್ ಅಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ.) ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಹೊಸ ಮಣೆಯಾಟಗಳನ್ನು ತಾವೇ ರೂಪಿಸಿದವರು. ಅರಸರ ಆಟಗಳಿಗೆ ಗ್ರಂಥ ದೊರೆಯಿತು. ಮಕ್ಕಳ ಆಟಗಳಿಗೆ ಗ್ರಂಥವಿರಲಿಲ್ಲ. ದೊಡ್ಡ ಮಕ್ಕಳು ಚಿಕ್ಕ ಮಕ್ಕಳಿಗೆ ಹೇಳಿಕೊಟ್ಟದ್ದೇ ಶಾಸ್ತ್ರ.

ಅಂಗಳದ ಆಟಗಳು: ಹೆಸರು ಎರಡು, ನಿಯಮ ಒಂದು

ಅಂಗಳಕ್ಕಿಳಿದರೆ ಭಾಷೆಯ ಗೋಡೆ ಇರಲಿಲ್ಲ. ಲಗೋರಿ ಮರಾಠಿಯಲ್ಲಿಯೂ ಲಗೋರಿಯೇ. ಏಳು ಚಪ್ಪಟೆ ಕಲ್ಲುಗಳ ಗೋಪುರವನ್ನು ಚೆಂಡಿನಿಂದ ಉರುಳಿಸಿ, ಎದುರು ಪಕ್ಷದವರು ಚೆಂಡಿನಿಂದ ಹೊಡೆಯುವ ಮೊದಲು ಮತ್ತೆ ಜೋಡಿಸುವ ಈ ಆಟದಲ್ಲಿ ಬೆನ್ನಿನ ಮೇಲೆ ಬಿದ್ದ ಬಾಸುಂಡೆಗಳಿಗೆ ಲೆಕ್ಕವಿರಲಿಲ್ಲ. ನಮ್ಮ ಗೋಲಿ ಅವರಿಗೆ ಗೋಟ್ಯಾ, ನಮ್ಮ ಬುಗುರಿ ಅವರಿಗೆ ಭೋವರಾ. ಅಡುಗೆ ಆಟ ಭಾತುಕಲಿ. ಕಬಡ್ಡಿಗೆ ಅವರ ಹಳೆಯ ಹೆಸರು ಹುತೂತೂ. ಹುಡುಗಿಯರ ಐದು ಕಲ್ಲಿನ ಆಟಕ್ಕೆ ಬಳಸುವ ಬೂದುಬಣ್ಣದ ಗಜ್ಜುಗವೇ ಮರಾಠಿಯ ಸಾಗರಗೋಟೆ. ಒಂದನ್ನು ಮೇಲೆಸೆದು, ಅದು ಕೆಳಗೆ ಬೀಳುವುದರೊಳಗೆ ನೆಲದಲ್ಲಿರುವುದನ್ನು ಮೊದಲು ಒಂದೊಂದಾಗಿ, ನಂತರ ಎರಡೆರಡಾಗಿ, ಮೂರಾಗಿ, ಕೊನೆಗೆ ಒಟ್ಟಿಗೆ ಬಾಚಬೇಕು. ಧಾರವಾಡದ ಮನೆಯವರು ನಾಗರಪಂಚಮಿಗೆ ಜೋಕಾಲಿ ಕಟ್ಟಿದರೆ, ಶ್ರಾವಣದ ಮಂಗಳಾಗೌರಿಗೆ ಮರಾಠಿ ಹೆಂಗಸರು ಫುಗಡಿ ಆಡುತ್ತಿದ್ದರು. ಎರಡೂ ಕಡೆ ಎಲ್ಲ ಮಕ್ಕಳೂ ಹಾಜರು.

ಇವುಗಳಲ್ಲಿ ಚಿನ್ನಿದಾಂಡಿನ ಕಥೆ ವಿಶೇಷವಾದುದು. ತುಳುನಾಡಿನಲ್ಲಿ ಕುಟ್ಟಿದೊಣ್ಣೆ ಎನ್ನುವ ಇದು ಮರಾಠಿಯಲ್ಲಿ ವಿಟಿ-ದಾಂಡು. ಚಿಕ್ಕ ಕೋಲನ್ನು ಉದ್ದ ಕೋಲಿನಿಂದ ಚಿಮ್ಮಿಸಿ ಹೊಡೆದು, ಹೋದ ದೂರವನ್ನು ಅಳೆಯುವ ಆಟ. ಇದರ ಹಳೆಯ ಮರಾಠಿ ಎಣಿಕೆ ‘ಏಕ, ದೋನ್, ತೀನ್’ ಅಲ್ಲ. ‘ವಕಟ, ಲೇಂಡ್, ಮೂಂಡ್, ನಾಲ್’ ಎಂದು ಅದು ಸಾಗುತ್ತದೆ. ಸಾತಾರಾ ಕಡೆಯ ಗೆಳೆಯ ಹೀಗೆ ಎಣಿಸುವಾಗ ಅದನ್ನು ಅರ್ಥವಿಲ್ಲದ ಆಟದ ಮಾತೆಂದೇ ನಾನು ತಿಳಿದಿದ್ದೆ. ಅವನೂ ಹಾಗೆಯೇ ತಿಳಿದಿದ್ದ. ತೆಲುಗಿನ ಒಕಟಿ, ರೆಂಡು, ಮೂಡು, ನಾಲುಗು ಪಕ್ಕದಲ್ಲಿಟ್ಟು ನೋಡಿದರೆ ಗುಟ್ಟು ಬಯಲಾಗುತ್ತದೆ. ನಮ್ಮ ಮೂರು, ನಾಲ್ಕು ಕೂಡ ಅದೇ ಮನೆತನದವು. ದಕ್ಷಿಣದ ದ್ರಾವಿಡ ಸಂಖ್ಯೆಗಳೇ ಮಕ್ಕಳ ಬಾಯಿಯಲ್ಲಿ ಸವೆದು ಈ ರೂಪ ತಾಳಿವೆ ಎಂಬುದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಯಾವ ರಾಜನ ಆಜ್ಞೆಯೂ ಇಲ್ಲದೆ, ಯಾವ ಪಂಡಿತನ ನೆರವೂ ಇಲ್ಲದೆ, ಮಕ್ಕಳಿಂದ ಮಕ್ಕಳಿಗೆ ದಾಟುತ್ತಾ ಆ ನಾಲ್ಕು ಪದಗಳು ನಮಗಿಂತ ಬಹಳ ಹಿಂದೆಯೇ ಮಹಾರಾಷ್ಟ್ರಕ್ಕೆ ವಲಸೆ ಬಂದಿದ್ದವು.

ಕೊಂಡ ಆಟಿಕೆ, ಮಾಡಿದ ಆಟಿಕೆ

ಕೊಂಡು ತಂದ ಆಟಿಕೆಗಳು ನಮ್ಮಲ್ಲಿ ಕಡಿಮೆ. ಬೆಂಗಳೂರು–ಮೈಸೂರು ರಸ್ತೆಯ ಚನ್ನಪಟ್ಟಣದ ಬಣ್ಣದ ಬೊಂಬೆಯೊಂದು ಮನೆಯಲ್ಲಿದ್ದರೆ ಅದು ಷೋಕೇಸಿನಲ್ಲಿರುತ್ತಿತ್ತು. ಹಾಲೆ ಮರದ ತುಂಡನ್ನು ಚರಕಿಯಲ್ಲಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆ ಹೊಳಪಿನ ರಹಸ್ಯ ಇದು. 2005–06ರಲ್ಲಿ ಈ ಆಟಿಕೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಉತ್ತರ ಕರ್ನಾಟಕದವರಿಗೆ ಕೊಪ್ಪಳ ಬಳಿಯ ಕಿನ್ನಾಳದ ಬೊಂಬೆಗಳೂ ಗೋಕಾಕದ ಬೊಂಬೆಗಳೂ ಚಿರಪರಿಚಿತ. ಇನ್ನು ಊರಿಗೆ ಹೋಗುವ ದಾರಿಯಲ್ಲೇ ಸಿಗುವ ಸಾವಂತವಾಡಿಯ ಚಿತಾರ ಆಳಿಯಲ್ಲಿ ಮರದ ಹಣ್ಣು-ತರಕಾರಿ, ಪುಟ್ಟ ಅಡುಗೆ ಪಾತ್ರೆಗಳ ಸಾಲು ಸಾಲು ಅಂಗಡಿಗಳಿವೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾಗಿ ತೆರೆಯುವ ಮೊದಲು ಮುಂಬಯಿ–ಮಂಗಳೂರು ಬಸ್ಸಿನ ದೀರ್ಘ ಪಯಣದಲ್ಲಿ ಆ ಊರು ಬಂತೆಂದರೆ ಅಕ್ಕಂದಿರು ಎದ್ದು ಕಿಟಕಿಗೆ ಅಂಟಿಕೊಳ್ಳುತ್ತಿದ್ದರು.

ಊರು ತಲುಪಿದ ಮೇಲೆ ಹಣದ ಮಾತೇ ಇಲ್ಲ. ತೆಂಗಿನ ಗರಿಯಿಂದ ಪೀಪಿ, ಕೈಗಡಿಯಾರ, ಕನ್ನಡಕ, ಹಾವು, ಬಿದಿರಿನಿಂದ ಪೆಟ್ಲು. ಅಡಿಕೆ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆದರೆ ಅದೇ ಮೋಟಾರು. ಡೊಂಬಿವಲಿಯಲ್ಲಿ ಅದರ ಸ್ಥಾನವನ್ನು ಸೈಕಲ್ಲಿನ ಹಳೆಯ ಟಯರು ತುಂಬಿತು. ಒಂದು ಕೋಲಿನಿಂದ ಹೊಡೆಯುತ್ತಾ ಅದರ ಹಿಂದೆ ಓಡುವುದೇ ಸವಾರಿ.

ಆಡದೆ ಬೆಳೆದವರು

ಬಾಲ್ಯದ ಸವಿನೆನಪು ಎಲ್ಲರಿಗೂ ಸಮನಾಗಿ ದೊರೆತ ಸೊತ್ತಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನಮ್ಮ ಹಿರಿಯರಲ್ಲಿ ಅನೇಕರು ಹತ್ತು-ಹನ್ನೆರಡರ ಪ್ರಾಯದಲ್ಲಿ ಹೋಟೆಲುಗಳಲ್ಲಿ ದುಡಿಯಲು ಮುಂಬಯಿಗೆ ಬಂದವರು. ಹಗಲು ತಟ್ಟೆ-ಲೋಟ, ಇರುಳು ಕನ್ನಡ ರಾತ್ರಿಶಾಲೆ. ನನ್ನ ದೊಡ್ಡಪ್ಪ ಹಾಗೆ ಬಂದವರು. ಬರುವಾಗ ಚಡ್ಡಿಯ ಜೇಬಿನಲ್ಲಿ ಒಂದು ಬುಗುರಿ ತಂದಿದ್ದರಂತೆ. ಹೋಟೆಲಿನ ಹಿಂಬದಿಯಲ್ಲಿ ಅದನ್ನು ಆಡಿಸಲು ನೆಲವೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಕೊನೆಗೆ ಅದರ ದಾರ ಸಕ್ಕರೆ ಪೊಟ್ಟಣ ಕಟ್ಟಲು ಹೋಯಿತು ಎಂದು ನಗುತ್ತಾ ಹೇಳುತ್ತಿದ್ದರು. ಚಾಳಿಗೆ ಬಂದಾಗಲೆಲ್ಲ ಅವರು ನಮಗೆ ಮಿಠಾಯಿ ತರುತ್ತಿರಲಿಲ್ಲ, ಬುಗುರಿ ತರುತ್ತಿದ್ದರು. ಅರುವತ್ತರ ಆಸುಪಾಸಿನಲ್ಲಿ, ಕಚ್ಚೆ ಎತ್ತಿ ಕಟ್ಟಿ ಅಂಗಳದಲ್ಲಿ ಅದನ್ನು ತಿರುಗಿಸಿ ಅಂಗೈಗೆ ಎತ್ತಿಕೊಳ್ಳುತ್ತಿದ್ದರು. ಆಗ ಅವರೊಂದಿಗೆ ಮಾತನಾಡಿದರೂ ಅವರಿಗೆ ಕೇಳಿಸುತ್ತಿರಲಿಲ್ಲ.

ಉಳಿಸಿಕೊಳ್ಳುವ ಬಗೆ

ಇಂದು ಆ ಚಾಳು ಇಲ್ಲ. ಅಲ್ಲಿ ಏಳು ಮಾಳಿಗೆಯ ಕಟ್ಟಡ ನಿಂತಿದೆ. ಅಂಗಳವಿದ್ದಲ್ಲಿ ವಾಹನಗಳು ನಿಂತಿವೆ. ಮಕ್ಕಳು ಮೊಬೈಲಿನಲ್ಲಿ ಆಡುತ್ತಾರೆಂದು ದೂರುವುದು ಸುಲಭ. ಆದರೆ ಆಡಲು ನೆಲ ಉಳಿಸದವರು ಮಕ್ಕಳಲ್ಲ. ಮಕ್ಕಳಿಂದ ಮಕ್ಕಳಿಗೆ ದಾಟುವ ವಿದ್ಯೆಗೆ ಒಂದು ಅಪಾಯವಿದೆ: ಒಂದೇ ಒಂದು ತಲೆಮಾರು ಆಡದೆ ಹೋದರೆ ಸರಪಳಿ ಕಡಿಯುತ್ತದೆ. ಅದನ್ನು ಮತ್ತೆ ಜೋಡಿಸುವ ಕೆಲಸ ಆಗ ಹಿರಿಯರ ಪಾಲಿಗೆ ಬರುತ್ತದೆ.

ನಮ್ಮ ಅಮ್ಮನಿಗೆ ಚೆನ್ನೆಯಲ್ಲಿ ನಾಲ್ಕೈದು ಬಗೆಯ ಆಟ ಬರುತ್ತಿತ್ತು; ಒಬ್ಬರೇ ಆಡುವ ಬಗೆಯೂ ಒಂದಿತ್ತು. ಕೊನೆಯ ವರ್ಷಗಳಲ್ಲಿ, ನಾವೆಲ್ಲ ಕೆಲಸಕ್ಕೆ ಹೋದ ಮೇಲೆ, ಅವಳು ಅದನ್ನೇ ಆಡುತ್ತಿದ್ದಳು. ಸಂಜೆ ಬಂದು ಚಹಾ ಕುಡಿಯುತ್ತಾ ನೋಡಿದ್ದೇನೆ, ಕೇಳಿ ಕಲಿಯಲಿಲ್ಲ. ಈಚೆಗೆ ಖಾರ್‌ಘರ್‌ನಲ್ಲಿರುವ ಮಗಳು ನಿಯಮಗಳನ್ನೆಲ್ಲ ಬರೆದುಕೊಡಿ ಎಂದಾಗ, ನಾನು ಬರೆದುಕೊಟ್ಟದ್ದು ಮೇಲೆ ವಿವರಿಸಿದ ಒಂದೇ ಒಂದು ಆಟ. ಮಣೆ ಇದೆ, 56 ಕಾಯಿಗಳೂ ಇವೆ. ಉಳಿದ ಆಟಗಳು ಅಮ್ಮನೊಂದಿಗೆ ಹೋದವು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರವೇ ಅವರ ಪಕ್ಕದಲ್ಲಿ ಕುಳಿತು, ಅವರು ಆಡಿದ ಒಂದು ಆಟದ ಹೆಸರು, ಸಾಮಾನು, ನಿಯಮ, ಎಣಿಕೆಯ ಮಾತುಗಳನ್ನು ಬರೆದಿಟ್ಟುಕೊಳ್ಳಿ. ನಮ್ಮ ಸಂಘ-ಸಂಸ್ಥೆಗಳು ರಾಜ್ಯೋತ್ಸವ, ಆಟಿಯ ಕೂಟಗಳಲ್ಲಿ ಭಾಷಣದ ಅವಧಿಯನ್ನು ಅರ್ಧ ಗಂಟೆ ಮೊಟಕುಗೊಳಿಸಿ, ಸಭಾಗೃಹದ ಒಂದು ಮೂಲೆಯಲ್ಲಿ ಚೌಕಾಬಾರದ ಗೆರೆ ಎಳೆದು, ಅಜ್ಜಿ-ಮೊಮ್ಮಕ್ಕಳನ್ನು ಎದುರುಬದುರು ಕೂರಿಸಲಿ. ನೆರೆಮನೆಯ ಮರಾಠಿ ಮಕ್ಕಳನ್ನೂ ಕರೆಯೋಣ. ಎಣಿಸುವುದು ಹೇಗೆಂದು ಅವರಿಗೆ ನಾವು ಹೇಳಿಕೊಡಬಹುದು, ಅಥವಾ ಅವರ ಅಜ್ಜನಿಂದ ನಾವೇ ಕಲಿಯಬಹುದು.