ಜತ್ತ ತಾಲೂಕಿನ ಗಡಿ ಮತ್ತು ನೀರು: ನಾ ಕಂಡಂಗ

ನಮ್ಮಪ್ಪ ಹುಟ್ಟಿದ ಮನಿಯೊಳಗೇ ತೀರಿಕೊಂಡ. ಹೊಲ, ಬಾವಿ, ಮನಿ ಯಾವುದನ್ನೂ ಬದಲಿ ಮಾಡಲಿಲ್ಲ. ಆದರೂ ಆತ ನಾಲ್ಕು ವಿಳಾಸ ಕಂಡ. ಹುಟ್ಟುವಾಗ ಜತ್ತ ಸಂಸ್ಥಾನದ ಪ್ರಜೆ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದೊಳಗೆ ಕೂಡಿತು, ಮುಂದಿನ ವರ್ಷ ದಕ್ಷಿಣ ಸಾತಾರಾ ಅಂತ ಜಿಲ್ಲಾ ಆಯಿತು. 1960ರ ಮೇ 1ಕ್ಕ ಮಹಾರಾಷ್ಟ್ರ ರಾಜ್ಯ ಹುಟ್ಟಿತು. ಅದೇ ವರ್ಷ ನವೆಂಬರದಾಗ ಜಿಲ್ಲಾದ ಹೆಸರು ಸಾಂಗಲಿ ಆಯಿತು. ಇಷ್ಟೆಲ್ಲ ಆದರೂ ಬ್ಯಾಸಗಿ ಬಂದರ ನೀರಿಗೆ ಕೊಡ ಹೊತ್ತು ಹೋಗೂದು ಮಾತ್ರ ಬದಲಾಗಲಿಲ್ಲ. ನಮ್ಮ ವಾಚನಾಲಯದ ಈ ಪುಸ್ತಕಕ್ಕ ನಾ ಬರಿಯೂದು ಈ ಎರಡು ಮಾತು: ಗಡಿ ಹೆಂಗ ಬಂತು, ನೀರು ಯಾಕ ಬರಲಿಲ್ಲ. ನಾ ಏಳನೇ ಇಯತ್ತೆ ಕಲಿತವ. ಕೇಳಿದ್ದು, ಓದಿದ್ದು, ಕಣ್ಣಾರೆ ಕಂಡದ್ದು ಮೂರನ್ನೂ ಕೂಡಿಸಿ ಬರೀತೇನಿ.

ಜತ್ತ ಸಂಸ್ಥಾನ ಡಫಳೆ ಮನೆತನದ್ದು. ಬಿಜಾಪುರದ ಆದಿಲಶಾಹಿ ಕಾಲದಾಗ ಅವರು ಇಲ್ಲಿಯ ದೇಶಮುಖರು. 1686ರಲ್ಲಿ ಆದಿಲಶಾಹಿ ಮುಳುಗಿತು. ಮುಂದ ಮೊಗಲರು ಬಂದರು, ಮರಾಠರು ಬಂದರು, ಇಂಗ್ರಜರೂ ಬಂದರು. ಡಫಳೆಯವರ ಜಹಗೀರು ಮಾತ್ರ ಉಳೀತು. ದಫ್ತರ ಮರಾಠಿ, ಮಂದಿ ಮಾತು ಬಹಳಷ್ಟು ಕನ್ನಡ. ಉಮದಿ, ಸಂಖ, ತಿಕ್ಕುಂಡಿ, ಗುಡ್ಡಾಪುರ, ಉಮರಾಣಿ ಈ ಕಡೆ ಊರೊಳಗ ಒಲಿ ಮುಂದಿನ ಮಾತು ಕನ್ನಡ, ಕಚೇರಿ ಮುಂದಿನ ಮಾತು ಮರಾಠಿ. ಇದಕ್ಕ ಯಾರೂ ಜಗಳ ತೆಗೀಲಿಲ್ಲ. ಗುಡ್ಡಾಪುರದ ದಾನಮ್ಮ ತಾಯಿ ಜಾತ್ರಿಗೆ ಎರಡೂ ಮಾತಿನವರು ಬರತಾರ. ಉಮದಿಯ ಭಾವೂಸಾಹೇಬ ಮಹಾರಾಜರ ಮಠ ಇಂಚಗೇರಿಯೊಳಗದ. ಉಮದಿ ಈಗ ಮಹಾರಾಷ್ಟ್ರ, ಇಂಚಗೇರಿ ಕರ್ನಾಟಕ. ಅವರ ಶಿಷ್ಯರು ಗುರುದೇವ ರಾನಡೆಯವರು ಮಹಾರಾಷ್ಟ್ರದ ಸಂತರ ಮ್ಯಾಲೂ ದೊಡ್ಡ ಪುಸ್ತಕ ಬರೆದರು, ಕನ್ನಡದ ಶರಣರು, ದಾಸರ ಮ್ಯಾಲೂ ಬರೆದರು. ಈ ಮಣ್ಣಿನ ಗುಣ ಅದು.

ಈಗಿನ ಹುಡುಗರಿಗೆ ಒಂದು ಮಾತು ಗೊತ್ತಿರಂಗಿಲ್ಲ. 1948ರಿಂದ 1956ರ ತನಕ ನಮಗೂ ಬಿಜಾಪುರಕ್ಕೂ ನಡುವ ರಾಜ್ಯದ ಗಡಿಯೇ ಇರಲಿಲ್ಲ. ಎರಡೂ ಮುಂಬಯಿ ರಾಜ್ಯದೊಳಗೇ ಇದ್ದವು. 1956ರ ನವೆಂಬರ್ 1ಕ್ಕ ಭಾಷಾವಾರು ರಾಜ್ಯ ಆದಾಗ ಬಿಜಾಪುರ, ಬೆಳಗಾವಿ, ಧಾರವಾಡ, ಕಾರವಾರ ಜಿಲ್ಲಾ ಮೈಸೂರಿಗೆ ಹೋದವು. ಆ ಹಂಚಿಕಿ ಹೆಚ್ಚುಕಡಿಮಿ ಜಿಲ್ಲಾ ಹಿಡಿದು ಆಯಿತು, ಹಳ್ಳಿ ಹಿಡಿದು ಆಗಲಿಲ್ಲ. ನಮ್ಮ ತಾಲೂಕು ದಕ್ಷಿಣ ಸಾತಾರಾ ಜಿಲ್ಲಾದಾಗಿತ್ತು. ಹಿಂಗಾಗಿ ನಾವು ಇಲ್ಲೇ ಉಳಿದಿವಿ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕಥಿಯೂ ಇದೇ. ಪೂರ್ವ ಭಾಗದ ನಮ್ಮ ಹಳ್ಳಿಗೋಳಿಗೆ ಬಿಜಾಪುರ ಹತ್ತರ, ಸಾಂಗಲಿ ದೂರ. ದವಾಖಾನಿ, ಸಂತಿ, ಬೀಗಸ್ತಾನ ಆ ಕಡೆ. ಸಾತಬಾರಾ ಉತಾರ, ಕೋರ್ಟು, ಜಿಲ್ಲಾ ಕಚೇರಿ ಈ ಕಡೆ.

ಮುಂದ 1966ರಲ್ಲಿ ಕೇಂದ್ರ ಸರಕಾರ ಮಹಾಜನ ಆಯೋಗ ಮಾಡಿತು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಮೆಹರಚಂದ ಮಹಾಜನರು 1967ರಲ್ಲಿ ವರದಿ ಕೊಟ್ಟರು. ಬೆಳಗಾವಿ ಕರ್ನಾಟಕಕ್ಕೇ ಇರಲಿ, 264 ಹಳ್ಳಿ ಮಹಾರಾಷ್ಟ್ರಕ್ಕ ಹೋಗಲಿ, ನಮ್ಮ ಜತ್ತದ ಹಳ್ಳಿಗಳು ಸೇರಿ 247 ಹಳ್ಳಿ ಕರ್ನಾಟಕಕ್ಕ ಬರಲಿ ಅಂತ ಬರೆದರು. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ. ವರದಿ ಹಂಗೇ ಕುಂತಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಜಗಳ ಪೂರಾ ಬೆಳಗಾವಿ ಸಲುವಾಗಿ. ಜತ್ತದ ಹೆಸರು ಬರೂದು ಆ ಜಗಳಕ್ಕ ಜವಾಬು ಕೊಡೂದಕ್ಕ ಮಾತ್ರ. ಗಂಡ ಹೆಂಡಿರ ಜಗಳದಾಗ ಕೂಸು ಬಡವಾತು ಅಂತಾರಲ್ಲ, ನಾವು ಆ ಕೂಸು.

ಇನ್ನು ನೀರಿನ ಮಾತು. ನಮ್ಮದು ಮಳಿ ನೆರಳಿನ ಸೀಮಿ. ಸಹ್ಯಾದ್ರಿಗೆ ಬಡಿದ ಮೋಡ ನಮ್ಮ ತನಕ ಬರೂದರೊಳಗ ಖಾಲಿ. ಸಜ್ಜಿ, ಜೋಳ, ಮಾಡಗ್ಯಾಳ ಕುರಿ, ಇವನ್ನ ನಂಬಿ ಬದುಕಿದ ಮಂದಿ. 1972ರ ಬರಗಾಲದಾಗ ನಾ ಸಾಲಿ ಬಿಟ್ಟೆ. ಅವ್ವನ ಸಂಗಾಟ ಖಡಿ ಒಡಿಯಾಕ ಹೋದೆ. ಸರಕಾರದವರು ಸುಕಡಿ ಕೊಡತಿದ್ದರು, ರೇಷನ್ನಿಗೆ ಹೊರದೇಶದ ಕೆಂಪು ಜೋಳ ಬರತಿತ್ತು. ಅವತ್ತು ಒಡೆದ ಖಡಿ ಮ್ಯಾಲೇ ಇವತ್ತಿನ ಎಷ್ಟೋ ರಸ್ತಾ ನಿಂತಾವ. ಆಗ ಕಟ್ಟಿದ ಪಾಝರ ತಲಾವು ಈಗೂ ಅದಾವ. ಆ ಬರದ ಕೆಲಸದಿಂದಲೇ ಮಹಾರಾಷ್ಟ್ರದಾಗ ರೋಜಗಾರ ಹಮಿ ಗಟ್ಟಿ ಆಯಿತು, 1977ರಲ್ಲಿ ಅದಕ್ಕ ಕಾಯ್ದೆ ಬಂತು. ಮುಂದ ಇಡೀ ದೇಶಕ್ಕ ಬಂದ ನರೇಗಾಕ್ಕ ಅದೇ ಮಾದರಿ. ನಮ್ಮ ಅವ್ವಂದಿರು ಬಿಸಲಾಗ ಕುಂತು ಒಡೆದ ಕಲ್ಲಿಗೆ ಅಷ್ಟು ಬೆಲಿ ಅದ ಅಂತ ಸಾಲಿಯೊಳಗ ಮಕ್ಕಳಿಗೆ ಹೇಳಬೇಕು ಗುರುಗಳೇ.

ಕೃಷ್ಣಾ ನದಿ ನೀರು ಹಂಚಲಿಕ್ಕೆ ಬಚಾವತ ಟ್ರಿಬ್ಯುನಲ್ ಕುಂತಿತ್ತು. ಮಹಾರಾಷ್ಟ್ರಕ್ಕ 560 ಟಿಎಂಸಿ, ಕರ್ನಾಟಕಕ್ಕ 700 ಟಿಎಂಸಿ ಅಂತ ಆಯಿತು. ಮಿರಜ ತಾಲೂಕಿನ ಮ್ಹೈಸಾಳದಾಗ ಕೃಷ್ಣಾ ನೀರು ಎತ್ತಿ, ಒಂದು ಹಂತದಿಂದ ಇನ್ನೊಂದು ಹಂತಕ್ಕ ಪಂಪ ಹಚ್ಚಿ, ಕವಠೆ ಮಹಾಂಕಾಳ, ಜತ್ತ ಕಡೆ ತರೂ ಯೋಜನಾ ಬಂತು. ನೀರು ಎತ್ತಬೇಕಂದರ ಕರೆಂಟ ಬೇಕು, ಕರೆಂಟಿಗೆ ಬಿಲ್ಲು. ಬಿಲ್ಲು ತುಂಬದಿದ್ದರ ಪಂಪ ಬಂದ. ಕಾಲವಿ ತಾಲೂಕಿನ ಪಡುವಣ ಭಾಗಕ್ಕ ಬಂತು. ಮೂಡಣ ಭಾಗದ ಕನ್ನಡ ಹಳ್ಳಿಗಳು ಬಾಲದ ತುದಿಯಾಗ ಉಳಿದವು.

ಹಿಂಗಾಗಿ 2012ರ ಬರದಾಗ ನಮ್ಮ ಹಳ್ಳಿಗಳು ಸಿಟ್ಟಿಗೆದ್ದು, ನೀರು ಕೊಡದಿದ್ದರ ಕರ್ನಾಟಕಕ್ಕ ಹೋಗತೀವಿ ಅಂತ ಠರಾವು ಮಾಡಿದರು. ಹತ್ತು ವರ್ಷ ಆ ಕಾಗದ ಯಾರೂ ಕೇಳಲಿಲ್ಲ. 2022ರ ನವೆಂಬರದಾಗ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತದ 40 ಹಳ್ಳಿಗಳ ಮಾತು ತೆಗೆದರು. ಒಮ್ಮಿಂದೊಮ್ಮೆಲೆ ಟಿವಿ ಗಾಡಿ ಬಂದವು. ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಹರಿದು ತಿಕ್ಕುಂಡಿ ಕೆರಿಗೆ ಬಂತು. ಈ ಕಡೆಯಿಂದ ಮ್ಹೈಸಾಳ ವಿಸ್ತಾರಿತ ಯೋಜನಾಕ್ಕ ಸುಮಾರು 2,000 ಕೋಟಿ ರೂಪಾಯಿ ಅಂತ ಘೋಷಣಾ ಆಯಿತು.

ಇದನ್ನ ನೋಡಿ ಎಷ್ಟೋ ಮಂದಿ, ಹೆದರಿಸಿದರೇ ನೀರು ಬರತದ, ವರ್ಷಾ ಹೆದರಿಸೂಣು ಅಂದರು. ನನ್ನ ಅಭಿಪ್ರಾಯ ಬ್ಯಾರೆ ಅದ. ನಾ ಹರದೇಶಿ ಪದ ಹಾಡುವವ. ಎದುರಿನ ನಾಗೇಶಿ ಮ್ಯಾಳದವರು ಸವಾಲು ಹಾಕಿದರ ಬೆಳಗು ಹರಿಯೂದರೊಳಗ ಜವಾಬು ಕೊಡಬೇಕು. ಕೊಡದಿದ್ದರ ಮಂದಿ ಏಳಗೊಡಂಗಿಲ್ಲ. ಅಲ್ಲಿ ಸವಾಲು ಹಾಕಿದವನೂ ಜವಾಬು ಮುಗಿಯೂ ತನಕ ಕುಂತಿರಬೇಕು. ನಾವು ಹಂಗ ಕುಂತಿಲ್ಲ. ಠರಾವು ಮಾಡಿ ಮನಿಗೆ ಬಂದಿವಿ. ಯಾವ ಊರಿಗೆ ಪೈಪ ಬರತದ, ಯಾವ ಕೆರಿ ತುಂಬತದ, ಯಾವ ವರ್ಷ ಅಂತ ಕಾಗದದ ಮ್ಯಾಲ ಬರೆಸಿಕೊಂಡವರು ಕಡಿಮಿ. ಹೆದರಿಕಿ ಒಮ್ಮೆ ನಡೀತದ. ಎರಡನೇ ಸಲಕ್ಕ ಎರಡೂ ಸರಕಾರಕ್ಕ ಗೊತ್ತಾಗತದ, ಇವರು ಎಲ್ಲಿಗೂ ಹೋಗೂದಿಲ್ಲ ಅಂತ. ಗಡಿ ಬದಲಿ ಮಾಡೂದು ಸಂಸತ್ತಿನ ಕೆಲಸ, ಅದು ನಮ್ಮ ಕೈಯಾಗಿಲ್ಲ. ಆದರ ನಮ್ಮ ಗ್ರಾಮಸಭಾ ನಮ್ಮ ಕೈಯಾಗ ಅದ.

ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಈ ದಿನ ಗ್ರಾಮಸಭಾ ಇರತಾವ. ಎಷ್ಟು ಮಂದಿ ಹೋಗತೀವಿ? ಝೆಂಡಾ ಏರಿಸಿ, ಪೇಢೆ ತಿಂದು ಹೊಲಕ್ಕ ಹೋಗತೀವಿ. ಹಿಂದಿಂದ ರಜಿಸ್ಟರ ಮನಿಮನಿಗೆ ಬಂದು ಸಹಿ ಆಗತದ. ಮರಾಠಿಯಾಗ ಏನು ಬರೆದಾರ ಅಂತ ನಮ್ಮ ಹೆಣ್ಣಮಕ್ಕಳಿಗೆ ತಿಳಿಯಂಗಿಲ್ಲ, ಹೆಬ್ಬೆಟ್ಟು ಒತ್ತತಾರ. ನೀರಿಗೆ ಕೊಡ ಹೊರುವವರು ಅವರು, ನೀರಿನ ಠರಾವು ಮಾತ್ರ ಅವರಿಗೆ ತಿಳಿಯದ ಮಾತಿನೊಳಗ. ನನ್ನ ಬೇಡಿಕಿ ದೊಡ್ಡದಲ್ಲ. ಬರಿಯೂದು ಮರಾಠಿಯಾಗ ಬರೀರಿ, ಓದುವಾಗ ಕನ್ನಡದಾಗೂ ಓದಿ ಹೇಳ್ರಿ. ಸಾಲಿ ಮಾಸ್ತರು ಒಬ್ಬರು ನಿಂತರ ಅರ್ಧ ತಾಸಿನ ಕೆಲಸ.

ಸಾಲಿ ಮಾತು ಬಂತು ಅಂತ ಹೇಳತೇನಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ತಾಯಿಮಾತಿನೊಳಗ ಸಿಗುವಂಗ ರಾಜ್ಯ ಸರಕಾರ ನೋಡಬೇಕು ಅಂತ ಸಂವಿಧಾನದ 350-ಎ ಕಲಮು ಹೇಳತದ. ಆ ಕಲಮು ಸೇರಿದ್ದೂ 1956ರಲ್ಲೇ, ಗಡಿ ಎಳೆದ ವರ್ಷವೇ. ಗಡಿಯಾಚೆ ಉಳಿದವರನ್ನ ಮರೀಬಾರದು ಅಂತಲೇ ಸೇರಿಸಿದರು. ಮಹಾರಾಷ್ಟ್ರ ಸರಕಾರ ಕನ್ನಡ ಸಾಲಿ ನಡಸತದ, ಬಾಲಭಾರತಿ ಕನ್ನಡ ಪುಸ್ತಕ ಅಚ್ಚು ಹಾಕತದ. ಇದನ್ನ ಒಪ್ಪಿ ಉಪಕಾರ ನೆನೀಬೇಕು. ಆದರ ಕನ್ನಡ ಸಾಲಿಗೆ ಕನ್ನಡ ಬಾರದ ಮಾಸ್ತರು ಬಂದರ ಪುಸ್ತಕ ಇದ್ದೂ ಇಲ್ಲದಂಗ. ಆ ಮಾಸ್ತರದೂ ತಪ್ಪಲ್ಲ, ಪಾಪ, ಕೂಸು ಏನು ಕೇಳತದ ಅಂತ ಅವರಿಗೆ ತಿಳಿಯಂಗಿಲ್ಲ. ಮರಾಠಿಯನ್ನೂ ನಮ್ಮ ಮಕ್ಕಳು ಚಲೋ ಕಲೀಬೇಕು, 2020ರ ಕಾಯ್ದೆಯಿಂದ ಎಲ್ಲಾ ಸಾಲಿಯಾಗೂ ಕಡ್ಡಾಯ ಆಗೇದ. ಬರದಿದ್ದರ ತಲಾಠಿ ಕಚೇರಿಯಾಗ ಇನ್ನೊಬ್ಬರ ಮಾರಿ ನೋಡಬೇಕಾಗತದ. ಮರಾಠಿ ಕಲಿಯೂದಕ್ಕ ಕನ್ನಡ ಬಿಡಬೇಕಾಗಿಲ್ಲ. ನಮ್ಮ ಹಿರಿಯರು ಎರಡನ್ನೂ ಇಟಗೊಂಡು ಬಾಳಿದರು.

ಕಡಿಗೆ ಒಂದು ಕೆಲಸದ ಮಾತು. ಇವತ್ತಲ್ಲ ನಾಳೆ ನೀರು ಬರತದ ಅಂತ ಇಟಗೋರಿ. ಬಂದ ಮ್ಯಾಲ ದೊಡ್ಡ ಮೋಟಾರ ಇದ್ದವರು ಕೆರಿಗೆ ಪೈಪ ಹಾಕಿ ಎಳಕೊಂಡರ, ಎರಡು ಎಕರೆಯವನಿಗೆ ಏನು ಸಿಗತದ? ಅದಕ್ಕ 2005ರ ಕಾಯ್ದೆಯಾಗ ರೈತರೇ ಪಾಣಿ ವಾಪರ ಸಂಸ್ಥಾ ಮಾಡಿ ಪಾಳಿ ಹಚ್ಚಿಕೊಳ್ಳೂ ದಾರಿ ಅದ. ನೀರು ಬರೂಕಿಂತ ಮೊದಲೇ ಅದನ್ನ ಮಾಡಬೇಕು, ಬಂದ ಮ್ಯಾಲ ಮಾಡಾಕ ಕುಂತರ ಜಗಳ ಆಗತದ. ಬಾಲದ ತುದಿಯ ಹೊಲಕ್ಕ ಮೊದಲ ಪಾಳಿ ಅಂತ ಬರೆಸ್ರಿ. ಎಪ್ಪತ್ತು ವರ್ಷ ಬಾಲದ ತುದಿಯಾಗ ಕುಂತವರು ನಾವು. ನಮ್ಮೂರೊಳಗ ಇನ್ನೊಬ್ಬನನ್ನ ಅಲ್ಲಿ ಕುಂದರಸೂದು ಬ್ಯಾಡ.

ಮುಂದಿನ ಗ್ರಾಮಸಭಾಕ್ಕ ನಾ ಡಪ್ಪು ಬಾರಿಸಿ ಡಂಗುರ ಸಾರತೇನಿ, ಕನ್ನಡದಾಗೂ ಮರಾಠಿಯಾಗೂ. ನೀವೆಲ್ಲ ಬರ್ರಿ, ಹೆಣ್ಣಮಕ್ಕಳನ್ನ ಕರಕೊಂಡು ಬರ್ರಿ.