ನಮ್ಮ ಗೋಡೆಯ ಸಾಕೆಟ್ಟಿಗೂ ಒಂದು ಚರಿತ್ರೆ ಇದೆ

ಲಂಡನ್ನಿಗೆ ಬಂದ ಮೊದಲ ವರ್ಷ ನನ್ನನ್ನು ಹೊಸ ಫ್ಲಾಟೊಂದರ ವೈರಿಂಗ್ ಕೆಲಸಕ್ಕೆ ಹಾಕಿದ್ದರು. ಅದಕ್ಕೆ ಮುಂಚೆ ಇಲ್ಲಿ ಮಾಡಿದ್ದೆಲ್ಲ ಹಳೇ ಮನೆಗಳ ರಿಪೇರಿ. ಆ ಮನೆಗಳಲ್ಲಿ ಸಾಕೆಟ್ಟುಗಳು ನೆಲಕ್ಕೆ ಅಂಟಿಕೊಂಡ ಹಾಗೆ ಗೋಡೆಯ ಬುಡದಲ್ಲೇ ಇರುತ್ತಿದ್ದವು. ನಾನೂ ಹಾಗೇ ಕೆಳಗೆ ಎಂಟು ಬಾಕ್ಸ್ ಕೂರಿಸಿದೆ. ಸಂಜೆ ಬಂದ ಸೂಪರ್‌ವೈಸರ್ ಟೇಪು ಹಿಡಿದು ಅಳೆದು, "ಎಲ್ಲಾ ಕಿತ್ತು 450ಕ್ಕೆ ಏರಿಸು" ಅಂದ. ಮಾರನೇ ದಿನವೆಲ್ಲ ಅದೇ ಕೆಲಸ ಆಯ್ತು. ಸರ್ಕಾರಿ ಐಟಿಐಯಲ್ಲಿ ಎರಡು ವರ್ಷ ಓದಿ ಸರ್ಟಿಫಿಕೇಟ್ ತಗೊಂಡವನಿಗೆ ಅವಮಾನ ಆಗದೆ ಇರುತ್ತದೆಯೇ? ಈ 450 ಮಿಲಿಮೀಟರ್ ಎಲ್ಲಿಂದ ಬಂತು ಅಂತ ಬಿಡುವಾದಾಗಲೆಲ್ಲ ಹುಡುಕಿದೆ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಶುರುವಾಗುವುದು ನಮ್ಮ ಲಂಡನ್ನಿನ ಉತ್ತರ ಭಾಗದ ಎಡ್ಮಂಟನ್‌ನಲ್ಲಿ. 1919ರಲ್ಲಿ ಚಾರ್ಲ್ಸ್ ಆರ್ನಾಲ್ಡ್ ಮತ್ತು ಚಾರ್ಲ್ಸ್ ಬೆಲ್ಲಿಂಗ್ ಎಂಬಿಬ್ಬರು ಸೇರಿ ಅಲ್ಲಿ ಒಂದು ಕಂಪನಿ ತೆರೆದರು. ಅವರ ಸಾಕೆಟ್ಟಿನ ಹೆಸರು 'ಮಲ್ಟಿ ಕಾಂಟ್ಯಾಕ್ಟ್'. ಅದರಿಂದಲೇ 1923ರಲ್ಲಿ ಕಂಪನಿಗೆ 'ಎಂಕೆ ಎಲೆಕ್ಟ್ರಿಕ್' ಎಂಬ ಹೆಸರು ಬಂತು. ನಮ್ಮಲ್ಲಿ ವೈರಿಂಗ್ ಕೆಲಸ ಮಾಡುವವರು ದಿನಾ ಕೈಯಲ್ಲಿ ಹಿಡಿಯುವ ಎಂಕೆ ಸ್ವಿಚ್ಚು, ಸಾಕೆಟ್ಟು ಇದೇ. ಆ ಕಾಲದಲ್ಲಿ ಇಲ್ಲಿನ ಮನೆಗಳಲ್ಲಿ 2, 5, 15 ಆಂಪ್ ಅಂತ ಬೇರೆ ಬೇರೆ ಅಳತೆಯ ಗುಂಡು ಪಿನ್ನಿನ ಪ್ಲಗ್ಗುಗಳಿದ್ದವು. ಊರಲ್ಲಿ ನಾವು ಇವತ್ತೂ ಬಳಸುವ ಗುಂಡು ಪಿನ್ನು ಅದೇ ಬ್ರಿಟಿಷ್ ಮಾದರಿಯಿಂದ ಬಂದದ್ದು. ತೂತು ತೆರೆದೇ ಇರುತ್ತಿತ್ತು. ಮಗು ಮೊಳೆಯನ್ನೋ ಪಿನ್ನನ್ನೋ ತೂರಿಸಿದರೆ ಮುಗೀತು. ಒಳಗಿನಿಂದ ತೂತನ್ನು ಮುಚ್ಚುವ ಶಟರ್ ಇರುವ ಸಾಕೆಟ್ಟಿಗೆ 1928ರಷ್ಟು ಹಿಂದೆಯೇ ಎಂಕೆ ಪೇಟೆಂಟ್ ಪಡೆದಿತ್ತು. ಆದರೆ ಅಂಥ ಸಾಕೆಟ್ಟೇ ಹಾಕಬೇಕು ಅನ್ನುವ ನಿಯಮ ಆಗ ಇರಲಿಲ್ಲ.

ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗಲೇ, ಮುಂದೆ ಕಟ್ಟಬೇಕಾದ ಮನೆಗಳ ವೈರಿಂಗ್ ಹೇಗಿರಬೇಕು ಅಂತ ಯೋಚಿಸಲು 1942ರಲ್ಲಿ 20 ಜನರ ಒಂದು ಸಮಿತಿ ಮಾಡಿದರು. ಅದರಲ್ಲಿದ್ದ ಒಬ್ಬಳೇ ಹೆಂಗಸು ಕ್ಯಾರೋಲಿನ್ ಹ್ಯಾಸ್ಲೆಟ್. 1924ರಲ್ಲಿ ಹುಟ್ಟಿದ ಮಹಿಳಾ ವಿದ್ಯುತ್ ಸಂಘವನ್ನು ನಡೆಸುತ್ತಿದ್ದ ಆಕೆಗೆ, ಮನೆಯೊಳಗೆ ಪ್ಲಗ್ಗು ಹಾಕುವವರು ಯಾರು, ಅಲ್ಲಿ ಅಂಬೆಗಾಲಿಡುವವರು ಯಾರು ಅನ್ನುವುದು ಚೆನ್ನಾಗಿ ಗೊತ್ತಿತ್ತು. 1944ರ ವರದಿ ಎಳೆಯ ಮಕ್ಕಳ ಸುರಕ್ಷತೆಗೆ ಶಟರ್ ಬೇಕು ಅಂತ ಹೇಳಿತು. 1947ರಲ್ಲಿ ಬಿಎಸ್ 1363 ಎಂಬ ಮಾನದಂಡ ಬಂತು. ಇಂದಿನ ಚೌಕ ಪಿನ್ನಿನ 13 ಆಂಪ್ ಪ್ಲಗ್ಗು ಅದೇ. ಅದರ ಅರ್ತ್ ಪಿನ್ನು ಉದ್ದ. ಹೆಚ್ಚಿನ ಸಾಕೆಟ್ಟುಗಳಲ್ಲಿ ಅದು ಮೊದಲು ಒಳಗೆ ಹೋಗಿ ಶಟರ್ ತೆರೆದ ಮೇಲೇ ಉಳಿದ ಎರಡು ಪಿನ್ನಿಗೆ ದಾರಿ.

ಈಗ ನಮ್ಮೂರಿನ ಮಾತಿಗೆ ಬರುತ್ತೇನೆ. ನಮ್ಮ ಕಡೆ ತೂತು ತೆರೆದಿರುತ್ತಿದ್ದ ಕಾರಣ, ಮಕ್ಕಳ ಕೈಗೆ ಸಿಗಬಾರದು ಅಂತ ಬೋರ್ಡನ್ನು ದೊಡ್ಡವರ ತಲೆಯ ಎತ್ತರಕ್ಕೆ ಹಾಕುವುದು ರೂಢಿ. ಐಟಿಐ ಮುಗಿಸಿದ ವರ್ಷ ನಮ್ಮನೆ ಅಡುಗೆಕೋಣೆಗೆ ನಾನೂ ಹಾಗೇ ಹಾಕಿದ್ದೆ. ಅವ್ವ ಕುಳ್ಳಗಿದ್ದಾಳೆ. ಮಿಕ್ಸಿ ಪ್ಲಗ್ಗು ಹಾಕಲು ದಿನಾ ಸ್ಟೂಲು ಹತ್ತುತ್ತಿದ್ದಳು. ನಾನು ಇಲ್ಲಿಗೆ ಬಂದ ಎರಡನೇ ವರ್ಷ ಸ್ಟೂಲಿನಿಂದ ಬಿದ್ದು ಮಣಿಕಟ್ಟು ಮುರ್ಕೊಂಡಳು. ಫೋನಿನಲ್ಲಿ ಸುದ್ದಿ ಕೇಳಿದಾಗ, ಆ ಬೋರ್ಡು ಹಾಕಿದವನು ನಾನೇ ಅನ್ನುವುದೇ ತಲೆಯಲ್ಲಿ ತಿರುಗುತ್ತಿತ್ತು.

ಬ್ರಿಟನ್ನಿನವರಿಗೂ ಎಲ್ಲ ಒಂದೇ ಸಲ ಹೊಳೆಯಲಿಲ್ಲ. ಮಗುವಿಗೆ ಅಪಾಯ ತಪ್ಪಿತು, ಸಾಕೆಟ್ಟು ಗೋಡೆಯ ಬುಡದಲ್ಲೇ ಉಳಿಯಿತು. ಸೊಂಟ ಬಗ್ಗದ ಮುದುಕರು, ಗಾಲಿಕುರ್ಚಿಯಲ್ಲಿ ಕೂತವರು ಏನು ಮಾಡಬೇಕು? ಪೋಲಿಯೋಗೆ ತುತ್ತಾಗಿದ್ದ ಇಲ್ಲಿನ ವಾಸ್ತುಶಿಲ್ಪಿ ಸೆಲ್ವಿನ್ ಗೋಲ್ಡ್‌ಸ್ಮಿತ್ 1963ರಲ್ಲಿ ಅಂಗವಿಕಲರಿಗೆ ಕಟ್ಟಡ ಹೇಗಿರಬೇಕು ಅಂತ ಪುಸ್ತಕವನ್ನೇ ಬರೆದರು. ಅಮೆರಿಕದ ರೊನಾಲ್ಡ್ ಮೇಸ್ ಕೂಡ ಪೋಲಿಯೋ ಬಂದು ಗಾಲಿಕುರ್ಚಿಯಲ್ಲಿದ್ದ ವಾಸ್ತುಶಿಲ್ಪಿ. 1985ರಲ್ಲಿ ಇದಕ್ಕೆ 'ಯೂನಿವರ್ಸಲ್ ಡಿಸೈನ್' ಅಂತ ಹೆಸರಿಟ್ಟವರು ಅವರು. ಕೈಲಾಗದವರಿಗೆ ಬೇರೆ ಸಾಮಾನು ಮಾಡುವುದಲ್ಲ, ಎಲ್ಲರೂ ಬಳಸುವ ಸಾಮಾನನ್ನೇ ಅವರಿಗೂ ಒಗ್ಗುವ ಹಾಗೆ ಮಾಡುವುದು ಅಂತ ಅದರ ಅರ್ಥ.

ಇನ್ನೊಂದು ಸಂಗತಿ ಕೇಳಿ. ಮೊದಲು ಇಲ್ಲಿ ಇಸ್ತ್ರಿ ಪೆಟ್ಟಿಗೆ ಕೊಂಡರೆ ವೈರಿನ ತುದಿಯಲ್ಲಿ ಪ್ಲಗ್ಗು ಇರಲೇಬೇಕು ಅಂತೇನೂ ಇರಲಿಲ್ಲ. ಸ್ಕ್ರೂ ಡ್ರೈವರ್ ಹಿಡಿದು ಮನೆಯವರೇ ಹಾಕ್ಕೋಬೇಕಿತ್ತು. ಕಣ್ಣು ಮಂಜಾದವರು ಇನ್ನೊಬ್ಬರನ್ನು ಕಾಯಬೇಕು. 1995ರ ಫೆಬ್ರವರಿಯಿಂದ ಪ್ಲಗ್ಗು ಕೂರಿಸಿಯೇ ಮಾರಬೇಕು ಎಂದು ಕಾನೂನಾಯಿತು. ಅನುಕೂಲ ಆಗಿದ್ದು ನಮಗೆಲ್ಲರಿಗೂ.

ಕೊನೆಗೆ 1999ರಲ್ಲಿ ಕಟ್ಟಡ ನಿಯಮದ 'ಪಾರ್ಟ್ ಎಂ' ಹೊಸ ಮನೆಗಳಿಗೂ ಅನ್ವಯವಾಯಿತು. ಸ್ವಿಚ್ಚು, ಸಾಕೆಟ್ಟು ನೆಲದಿಂದ 450ರಿಂದ 1200 ಮಿಲಿಮೀಟರ್ ಒಳಗಿರಬೇಕು ಅಂತ ಬಂದದ್ದು ಆಗಲೇ. ಗಾಲಿಕುರ್ಚಿಯಲ್ಲಿ ಕೂತವರ ಕೈಗೂ ಎಟುಕಬೇಕು, ನಿಂತವರೂ ತುಂಬಾ ಬಗ್ಗಬಾರದು. ಈಗ ಕಂಪನಿಗಳು ಬೆರಳು ಮಡಚಲಾಗದವರು ಮೊಣಕೈಯಿಂದ ಒತ್ತಬಹುದಾದ ಅಗಲ ಸ್ವಿಚ್ಚು, ಮಂದ ಕಣ್ಣಿಗೂ ಕಾಣುವಂತೆ ಗೋಡೆಯ ಬಣ್ಣಕ್ಕಿಂತ ಬೇರೆ ಬಣ್ಣದ ಪ್ಲೇಟು ಮಾಡುತ್ತಿವೆ. ಆದರೆ ಕಂಪನಿ ಎಷ್ಟು ಒಳ್ಳೇ ಸಾಮಾನು ಮಾಡಿದರೂ ಗೋಡೆಯಲ್ಲಿ ಎಷ್ಟು ಎತ್ತರಕ್ಕೆ ಕೂರಿಸಬೇಕು ಅನ್ನುವುದು ನಮ್ಮಂಥವರ ಕೈಯಲ್ಲಿದೆ.

ಕಳೆದ ಸಲ ರಜೆಗೆ ಹೋದಾಗ ಅಡುಗೆಕೋಣೆಯ ಬೋರ್ಡು ಕಿತ್ತು ಒಂದು ಮೀಟರಿಗೆ ಇಳಿಸಿದೆ. ಶಟರ್ ಇರುವ ಸಾಕೆಟ್ಟು, ಅಗಲ ಸ್ವಿಚ್ಚು ಹಾಕಿದೆ. ಅವ್ವ ನಿಂತಲ್ಲಿಂದಲೇ ಮಿಕ್ಸಿ ಹಾಕಿ ನೋಡಿ, "ಇದ್ನ ಮೊದ್ಲೇ ಮಾಡಕ್ಕೆ ಏನಾಗಿತ್ಲಾ ನಿಂಗೆ?" ಅಂದಳು. ಉತ್ತರ ಇರಲಿಲ್ಲ.

ಸ್ನೇಹಿತರೇ, ಊರಿಗೆ ಹೋಗುವಾಗ ಚಾಕಲೇಟಿನ ಜೊತೆ ಒಂದು ಅಳತೆ ಟೇಪನ್ನೂ ಇಟ್ಟುಕೊಳ್ಳಿ. ನಿಮ್ಮನೆ ಹಿರಿಯರ ಕೈ ಎಲ್ಲಿಗೆ ಎಟುಕುತ್ತದೆ ಅಂತ ಒಮ್ಮೆ ಅಳೆದು ನೋಡಿ.